ಅಟ್ಟದಲ್ಲಿ ಸಿಕ್ಕ ಹಳೇ ಸಾಹಿತ್ಯ ಪದಬಂಧ ಬಿಡಿಸೋದು ಹೇಗೆ

ಶಿಡ್ಲಘಟ್ಟದಲ್ಲಿ ನಮ್ಮ ದೊಡ್ಡಮ್ಮನ ಮನೆ ಅಂದ್ರೆ ಮೊದಲಿಂದಲೂ ಹುಳು ಸಾಕೋ ಮನೆ, ತಟ್ಟೆಗೆ ಹಾಸೋಕೆ ಅಂತ ಹಳೇ ಪೇಪರ್ ಕೆಜಿ ಲೆಕ್ಕದಲ್ಲಿ ತಂದು ಅಟ್ಟದ ಮೇಲೆ ಪೇರಿಸಿ ಇಡ್ತಿದ್ರು, ರೇಷ್ಮೆ ಬಿಟ್ಟು ಎಷ್ಟೋ ವರ್ಷ ಆದ್ರೂ ಆ ಪೇಪರ್ ಕಟ್ಟು ಹಾಗೇ ಉಳ್ಕೊಂಡಿತ್ತು. ಹೋದ ತಿಂಗಳು ಅಟ್ಟ ಕ್ಲೀನ್ ಮಾಡುವಾಗ ಟ್ರಂಕಿನ ತಳದಲ್ಲಿ ಹಾಸಿದ್ದ ಒಂದು ಭಾನುವಾರದ ಪುರವಣಿ ಹಾಳೆ ಸಿಕ್ತು. ಅದರಲ್ಲಿ ಪೂರ್ತಿ ಸಾಹಿತ್ಯದ ಮೇಲೇ ಮಾಡಿದ ಪದಬಂಧ, ಚೌಕದ ಒಂದು ಮನೆಯನ್ನೂ ಯಾರೂ ತುಂಬಿರಲಿಲ್ಲ. ಮೂರು ದಿನ ಕೂತು ಬಿಡಿಸಿದ್ವಿ. ನಿಮ್ಮನೆ ಅಟ್ಟದಲ್ಲೂ ಇಂಥದ್ದು ಇರಬಹುದು, ದಯವಿಟ್ಟು ರದ್ದಿಗೆ ಹಾಕೋ ಮುಂಚೆ ಒಂದ್ಸಲ ನೋಡಿ.

ಮೊದಲು ಹಾಳೆಯನ್ನ ಉಳಿಸ್ಕೊಳ್ಳಿ, ಬಿಡಿಸೋದು ಆಮೇಲೆ. ನ್ಯೂಸ್‌ಪ್ರಿಂಟ್ ಅನ್ನೋದು ಮರದ ತಿರುಳನ್ನ ಅರೆದು ಮಾಡಿದ ಅಗ್ಗದ ಕಾಗದ, ಅದರೊಳಗೆ ಲಿಗ್ನಿನ್ ಅನ್ನೋ ಮರದ ಅಂಶ ಇರೋದ್ರಿಂದ ಬೆಳಕು ಗಾಳಿ ತಾಗಿದಂಗೆಲ್ಲ ಕಾಗದ ಹಳದಿ ಆಗಿ ಹಪ್ಪಳದ ಥರ ಮುರಿಯುತ್ತೆ. ಮಡಿಕೆ ಗಟ್ಟಿಯಾಗಿದ್ರೆ ಎಳೆದು ಬಿಚ್ಚಬೇಡಿ, ಅಡಿಗೆ ಒಂದು ರಟ್ಟು ತೂರಿಸಿ ರಟ್ಟಿನ ಸಮೇತ ಎತ್ತಿ. ಹರಿದ ಕಡೆ ಸೆಲೋಟೇಪ್ ಅಂತೂ ಬೇಡವೇ ಬೇಡ, ನಾನು ಹಿಂದೆ ಒಂದು ಹಾಳೆಗೆ ಹಚ್ಚಿ ಎರಡೇ ವರ್ಷದಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ನಾಲ್ಕು ಸಾಲು ಸುಳಿವು ಪೂರಾ ಹೋಯ್ತು, ಇವತ್ತಿಗೂ ಬೇಜಾರಿದೆ. ಕಿಟಕಿ ಪಕ್ಕ ನೆರಳಲ್ಲಿ ಇಟ್ಟು ಮೊಬೈಲಲ್ಲಿ ಫೋಟೋ ತೆಗೀರಿ, ಆ ಫೋಟೋ ನೋಡ್ಕೊಂಡು ಮಕ್ಕಳ ಲೆಕ್ಕದ ಚೌಕುಳಿ ನೋಟ್‌ಬುಕ್ಕಿಗೆ ಚೌಕ ಇಳಿಸಿ ಪೆನ್ಸಿಲ್‌ನಲ್ಲಿ ತುಂಬಿ. ಮೂಲ ಹಾಳೆ ಮೇಲೆ ಒಂದು ಚುಕ್ಕೆನೂ ಇಡಬೇಡಿ.

ಎರಡನೇ ಕೆಲಸ ತಾರೀಖು ಹುಡುಕೋದು, ನನ್ನ ಪ್ರಕಾರ ಅರ್ಧ ಪದಬಂಧ ಇಲ್ಲೇ ಬಿಡಿಸಿದಂಗೆ. ಹಳೇ ಪದಬಂಧಕ್ಕೆ ಇವತ್ತಿನ ತಲೆ ಇಟ್ಕೊಂಡು ಉತ್ತರ ಬರೆದ್ರೆ ಕೂರೋದೇ ಇಲ್ಲ, ಆ ಪೇಪರ್ ಯಾವ ವರ್ಷದ್ದೋ ಆ ವರ್ಷದಲ್ಲಿ ಕೂತು ಓದಬೇಕು. ನಮ್ಮ ಹಾಳೆಯಲ್ಲಿ ತಾರೀಖಿನ ಮೂಲೆಯನ್ನೇ ಇಲಿ ತಿಂದಿತ್ತು. ಆಗ ಏನ್ ಮಾಡೋದು? ಹಿಂದಿನ ಪುಟದ ಜಾಹೀರಾತು ನೋಡಿ. ಬೆಲೆ ‘ನ.ಪೈ.’ ಅಂತಿದ್ರೆ ಅದು ನಯಾಪೈಸೆ ಕಾಲ, 1957ರಿಂದ 1964ರ ನಡುವಿನದ್ದು. ವಿಳಾಸದಲ್ಲಿ ಬರೀ ‘ಬೆಂಗಳೂರು-9’ ಅಂತಿದೆಯಾ ಇಲ್ಲ ಆರಂಕಿ ಪಿನ್‌ಕೋಡ್ ಇದೆಯಾ ನೋಡಿ, ಪಿನ್‌ಕೋಡ್ ಬಂದಿದ್ದೇ 1972ರ ಆಗಸ್ಟ್ 15ಕ್ಕೆ. ನಮ್ಮದರಲ್ಲಿ ಪಿನ್ ಇರಲಿಲ್ಲ. ಸುಳಿವಲ್ಲಿ ‘ಜ್ಞಾನಪೀಠ ಪಡೆದ ಕನ್ನಡ ಕವಿ (3)’ ಅಂತ ಒಂದಿತ್ತು, ಅಂದ್ರೆ ಮೂರು ಮನೆಯ ಪದ. ಕನ್ನಡಕ್ಕೆ ಮೊದಲ ಜ್ಞಾನಪೀಠ 1967ರ ಸಾಲಿನದ್ದು, ಕುವೆಂಪು ಅವರಿಗೆ, ಅಲ್ಲಿಗೆ ಪೇಪರ್ ಅದಕ್ಕಿಂತ ಹಳೇದಲ್ಲ, 1972ರ ಆಚೆಗೆ ತುಂಬ ದೂರದ್ದೂ ಅಲ್ಲ.

ಇದು ಗೊತ್ತಾದ ತಕ್ಷಣ ಬೇರೆ ಮನೆಗಳೂ ತೆರ್ಕೊಂಡ್ವು. ‘ನಮ್ಮ ರಾಜ್ಯ (3)’ ಅಂತಿತ್ತು, ನಮ್ಮ ಅಣ್ಣನ ಮಗ ಕರ್ನಾಟಕ ನಾಲ್ಕು ಮನೆ ಆಗುತ್ತಲ್ಲ ಪ್ರಿಂಟ್ ತಪ್ಪಿರಬೇಕು ಅಂದ. ತಪ್ಪಿಲ್ಲ, ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ, ಅಲ್ಲಿವರೆಗೂ ಮೈಸೂರು. ‘ಕೋಲಾರ ಜಿಲ್ಲೆಯ ಗಿರಿಧಾಮ (2)’ ಅಂತ ಇನ್ನೊಂದು. ಕೋಲಾರದಲ್ಲಿ ಎರಡಕ್ಷರದ ಬೆಟ್ಟ ಯಾವುದು ಅಂತ ಎಲ್ಲರೂ ತಲೆ ಕೆಡಿಸ್ಕೊಂಡ್ರು, ಅಂತರಗಂಗೆ ಐದಾಗುತ್ತೆ. ಕೊನೆಗೆ ನೆನಪಾಯ್ತು ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಅದಕ್ಕೂ ಮುಂಚೆ ನಾವೆಲ್ಲ ಕೋಲಾರ ಜಿಲ್ಲೆಯವರೇ. ನಂದಿ! ಮನೆ ಮಾಳಿಗೆ ಹತ್ತಿದ್ರೆ ಕಾಣೋ ಬೆಟ್ಟ.

ಇನ್ನು ಮನೆ ಎಣಿಸೋದು. ಇಂಗ್ಲಿಷ್ ಕ್ರಾಸ್‌ವರ್ಡನ್ನ ಮೊದಲು 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಆರ್ಥರ್ ವಿನ್ ಅನ್ನೋರು ಮಾಡಿಕೊಟ್ಟಿದ್ದು, ಅಲ್ಲಿ ಒಂದು ಮನೆಗೆ ಒಂದು ಲೆಟರ್. (ನಿಘಂಟಿನ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ 1913ರಲ್ಲಿ, ನನಗಿದು ತುಂಬ ಇಷ್ಟವಾದ ಕಾಕತಾಳೀಯ.) ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಗುಣಿತ ಒತ್ತು ಸೊನ್ನೆ ಎಲ್ಲ ಸೇರಿ. ಕುವೆಂಪು ಅಂದ್ರೆ ಕು-ವೆಂ-ಪು, ಮೂರೇ ಮನೆ, ಸೊನ್ನೆಗೆ ಬೇರೆ ಮನೆ ಕೊಟ್ರೆ ಕೆಟ್ಟಿತು. ಒತ್ತಕ್ಷರ ಯಾವಾಗಲೂ ಮುಂದಿನ ಮನೆಗೆ ಹೋಗುತ್ತೆ: ಚೆ-ನ್ನ-ಮ-ಲ್ಲಿ-ಕಾ-ರ್ಜು-ನ, ಏಳು. ಬಾಯಲ್ಲಿ ಚೆನ್-ನ ಅಂತ ಒಡೆದು ಹೇಳ್ತೀವಿ, ಬರೆಯುವಾಗ ಹಾಗಲ್ಲ. ಕಾರ್ನಾಡ್ ಥರ ಅರ್ಧಕ್ಷರದಲ್ಲಿ ಮುಗಿದ್ರೆ ಆ ‘ಡ್’ಗೆ ಸ್ವಂತ ಮನೆ. ಆಮೇಲೆ ಅಡ್ಡ ಪದದ ಅಕ್ಷರವೂ ಉದ್ದ ಪದದ ಅಕ್ಷರವೂ ಗುಣಿತ ಸಮೇತ ಒಂದೇ ಆಗಿರಬೇಕು, ‘ಕ’ ಇರೋ ಕಡೆ ‘ಕಾ’ ಕೂರಲ್ಲ. ಕನ್ನಡ ಪದಬಂಧ ಮಾಡೋರಿಗೆ ಇದು ಎಷ್ಟು ಕಷ್ಟ ಅಂತ ಒಂದ್ಸಲ ಯೋಚಿಸಿ ನೋಡಿ. ನಮ್ಮ ಪಕ್ಕದ ಕೋಲಾರ ಜಿಲ್ಲೆ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಪದಬಂಧ ಮಾಡಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದಾರೆ, ಆ ಕೆಲಸದ ತೂಕ ನನಗೆ ಅರ್ಥ ಆಗಿದ್ದು ನಾನೇ ಒಂದು ಚಿಕ್ಕ ಚೌಕ ಮಾಡೋಕೆ ಕೂತಾಗ, ‘ವೆಂ’ ಇಂದ ಶುರುವಾಗೋ ಪದ ಹುಡುಕಿದ್ರೆ ಸುತ್ತಿ ಬಳಸಿ ಬರೀ ವೆಂಕಟನ ಹತ್ರಾನೇ ಬರ್ತೀವಿ. ನಮ್ಮ ಹಾಳೆ ಮಾಡಿದವರೂ ಅದನ್ನೇ ಮಾಡಿದ್ರು, ಕುವೆಂಪು ಹೊಟ್ಟೆಯಿಂದ ಕೆಳಕ್ಕೆ ‘ಮಾಸ್ತಿಯವರ ಹೆಸರಿನ ನಡುವೆ ಇರುವ ದೇವರು (4)’ ಅಂತ ಕೊಟ್ಟು ವೆಂಕಟೇಶ ಇಳಿಸಿದ್ರು. ಎಷ್ಟು ಚೆಂದ!

ತುಂಬೋಕೆ ಶುರು ಮಾಡುವಾಗ ಒಂದನೇ ನಂಬರಿಂದ ಹೋಗಬೇಡಿ. ಬಿರುದು, ಅಂಕಿತ, ಕಾವ್ಯನಾಮ ಎಲ್ಲೆಲ್ಲಿ ಕೇಳಿದ್ದಾರೋ ಅಲ್ಲಿಂದ ಶುರು ಮಾಡಿ, ಅದರಲ್ಲೂ ಉದ್ದದ್ದು ಮೊದಲು. ಬಸವಣ್ಣನವರ ಅಂಕಿತ ಎಂಟು ಮನೆ ಅಂದ್ರೆ ಕೂಡಲಸಂಗಮದೇವ, ಬೇರೆ ಮಾತೇ ಇಲ್ಲ. ಬೇಂದ್ರೆಯವರ ಅಂಬಿಕಾತನಯದತ್ತನೂ ಎಂಟೇ. ಅಲ್ಲಮನಿಗೆ ಗುಹೇಶ್ವರ ನಾಲ್ಕು. ಇಂಥವು ಎರಡು ಮೂರು ಕೂತ್ರೆ ಚೌಕದ ತುಂಬ ಅಕ್ಷರ ಚೆಲ್ಲಿದಂಗೆ ಆಗುತ್ತೆ, ಆಮೇಲಿನದ್ದು ಸಲೀಸು.

ಕಷ್ಟ ಕೊಡೋದು ಮೂರು ಮನೆಯ ಸಾಹಿತಿಗಳು. ಯೋಚಿಸಿ: ಅನಕೃ, ಪುತಿನ, ತರಾಸು, ಡಿವಿಜಿ, ಕುವೆಂಪು, ತ್ರಿವೇಣಿ, ಎಲ್ಲರೂ ಮೂರು! ತ್ರಿವೇಣಿ ಅನ್ನೋ ಕಾವ್ಯನಾಮ ಒಂದು ಬಿಟ್ರೆ, ಇನಿಷಿಯಲ್ ಸೇರಿಸಿ ಕರೆಯೋ ನಮ್ಮ ಅಭ್ಯಾಸದಿಂದ ಹೀಗಾಗಿದೆ. ನಮ್ಮ ಹಾಳೆಯಲ್ಲಿ ‘ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿದ್ವಾಂಸ (3)’ ಅಂತಿತ್ತು, ಕೊನೇ ಮನೆಯಲ್ಲಿ ಆಗಲೇ ‘ಶ್ರೀ’ ಬಿದ್ದಿತ್ತು. ನಾನು ಹಿಂದೆಮುಂದೆ ನೋಡದೆ ಬಿಎಂಶ್ರೀ ಅಂತ ಬರೆದೆ, ಅವರು ಹುಟ್ಟಿದ್ದು ತುರುವೇಕೆರೆ ಹತ್ರದ ಸಂಪಿಗೆಯಲ್ಲಿ ಅನ್ನೋದು ನನಗೆ ಗೊತ್ತಿತ್ತು. ಆದ್ರೆ ಚಿಕ್ಕನಾಯಕನಹಳ್ಳಿ ಕಡೆ ತೀರ್ಥಪುರದ ತೀನಂಶ್ರೀ ಕೂಡ ತುಮಕೂರು ಜಿಲ್ಲೆನೇ, ಅವರ ಪೂರ್ತಿ ಹೆಸರೂ ಶ್ರೀಕಂಠಯ್ಯನೇ, ಮೂರು ಮನೆನೇ, ಕೊನೆಗೆ ಶ್ರೀನೇ. ಇಬ್ಬರನ್ನ ಬೇರೆ ಮಾಡೋದು ಮೊದಲೆರಡು ಮನೆ, ನಡುವಿನದ್ದು ‘ಎಂ’ ಆದ್ರೆ ಬಿಎಂಶ್ರೀ, ‘ನಂ’ ಆದ್ರೆ ತೀನಂಶ್ರೀ. ನಡುವಿನ ಮನೆಯಿಂದ ಕೆಳಕ್ಕೆ ಇಳಿಯೋ ಪದ ಎರಡು ಮನೆಯದ್ದು, ಹೌದು, ಅದೇ ನಂದಿ. ತೀನಂಶ್ರೀ! ಹಾಗಾಗಿ ಮೂರು ಮನೆ ಹೆಸರು ಕಂಡ್ರೆ ಅಡ್ಡಪದ ಬೀಳೋ ತನಕ ಪೆನ್ಸಿಲ್ ಎತ್ತಬೇಡಿ.

ಸಮಾನಾರ್ಥಕ ಕೇಳಿದಾಗಲೂ ಇದೇ ತಾಳ್ಮೆ ಬೇಕು. ‘ತಾವರೆ (3)’ ಅಂದ್ರೆ ಕಮಲ, ನಳಿನ, ಪಂಕಜ, ಅಂಬುಜ, ಸರೋಜ, ನೀರಜ, ಜಲಜ, ಕೊನೆಗೆ ‘ಜ’ ಇದೆ ಅಂತ ಗೊತ್ತಾದ್ರೂ ಇನ್ನೂ ಐದು ಉಳಿಯುತ್ತೆ, ನಡುವಿನ ಅಕ್ಷರ ಬಂದ್ರೇನೇ ತೀರ್ಮಾನ. ಹಳೇ ಪದ ಬಂದು ನಿಂತ್ರೆ ಗೂಗಲ್‌ಗಿಂತ ಕಿಟ್ಟೆಲ್ ನಿಘಂಟು ನೋಡಿ, 1894ರದ್ದು, ಹಳೇ ಕಾಲದ ಸ್ಪೆಲಿಂಗ್ ಅದರಲ್ಲಿ ಸಿಗುತ್ತೆ. ಆಗಿನವರು ಕರ್ಣಾಟಕ ಅಂತಲೂ ಬರೀತಿದ್ರು, ‘ರ್ನಾ’ ಕೂರದ ಮನೆಯಲ್ಲಿ ‘ರ್ಣಾ’ ಹಾಕಿ ನೋಡಿ. ದಿಕ್ಕೂ ಗಮನಿಸಿ, ಕೆಲವು ಕನ್ನಡ ಪದಬಂಧದಲ್ಲಿ ಬಲದಿಂದ ಎಡಕ್ಕೆ, ಕೆಳಗಿಂದ ಮೇಲಕ್ಕೂ ಇರುತ್ತೆ. ಕನಕ, ವಿಕಟಕವಿ ಥರದ್ದು ಬಂದ್ರೆ ಮಾತ್ರ ಯಾವ ಕಡೆಯಿಂದ ಬರೆದ್ರೂ ಸರಿ.

ಹಾಳೆ ಅಡಿಯಲ್ಲಿ ಕೂಪನ್ನು, ಪ್ರವೇಶ ಶುಲ್ಕ, ಬಹುಮಾನ ಅಂತೆಲ್ಲ ಇದ್ರೆ ಅದು ಬೇರೆ ಜಾತಿ ಪದಬಂಧ. ಅಂಥದ್ದರಲ್ಲಿ ಎರಡು ಉತ್ತರ ಸಮವಾಗಿ ಕೂರೋ ಹಾಗೆ ಸುಳಿವು ಕೊಟ್ಟು ಯಾವುದು ಸರಿ ಅಂತ ನಡೆಸೋರೇ ಮೊದಲೇ ಇಟ್ಕೊಂಡಿರ್ತಿದ್ರು. ಬೆಂಗಳೂರಲ್ಲಿ ಅಚ್ಚಾಗ್ತಿದ್ದ ಒಂದು ವಾರಪತ್ರಿಕೆಯ ಇಂಥ ಸ್ಪರ್ಧೆ ಸುಪ್ರೀಂ ಕೋರ್ಟ್ ತನಕ ಹೋಗಿ 1957ರಲ್ಲಿ ಜೂಜು ಅನ್ನಿಸ್ಕೊಂಡಿತು. ಅದನ್ನ ಬಿಡಿಸೋಕೆ ಹೋಗಿ ಕೊರಗಬೇಡಿ, ಸಾಹಿತ್ಯದ ಪದಬಂಧಕ್ಕೆ ಒಂದೇ ಉತ್ತರ ಇರುತ್ತೆ.

ನಮ್ಮದರಲ್ಲಿ ಕೊನೆಗೆ ಉಳಿದಿದ್ದು ಎರಡು ಮನೆಯ ಒಂದು ಪದ. ಸುಳಿವಲ್ಲಿ ‘ಕವಿಚಕ್ರವರ್ತಿ’ ಅಂತ ಮಾತ್ರ ಓದೋಕೆ ಆಗ್ತಿತ್ತು, ಮುಂದಿನದ್ದೆಲ್ಲ ಬೆಳ್ಳಿಹುಳ ತಿಂದು ಜರಡಿ ಮಾಡಿತ್ತು. ಎರಡನೇ ಮನೆಯಲ್ಲಿ ‘ನ್ನ’ ಇತ್ತು. ಪೊನ್ನ, ರನ್ನ, ಜನ್ನ, ಮೂವರಿಗೂ ಆ ಬಿರುದು ಇದೆ, ಮೂವರೂ ಎರಡಕ್ಷರ, ಮೂವರೂ ‘ನ್ನ’! ರತ್ನತ್ರಯ ಅಂತ ಕೇಳಿದ್ರೆ ಜನ್ನನನ್ನ ಬಿಡಬಹುದಿತ್ತು, ಹೊಯ್ಸಳ ಅಂದಿದ್ರೆ ಜನ್ನನೊಬ್ಬನೇ ಉಳೀತಿದ್ದ, ಇಲ್ಲಿ ಏನೂ ಇಲ್ಲ. ಮೊದಲ ಮನೆಯಿಂದ ಕೆಳಕ್ಕೆ ಮೂರು ಮನೆ, ಅದರ ಸುಳಿವು ‘ಹರಿಹರನ ಕೈಯಲ್ಲಿ ಅರಳಿದ್ದು’. ನಾನು ಹೂವು, ಹೂಮಾಲೆ ಅಂತ ಪುಷ್ಪದ ಹೆಸರೆಲ್ಲ ಹುಡುಕ್ತಾ ಕೂತಿದ್ದೆ.

ದೊಡ್ಡಮ್ಮ ಮನೇಲಿ ಮಾತಾಡೋದೆಲ್ಲ ತೆಲುಗು, ಓದಿದ್ದು ಕನ್ನಡ ಮೀಡಿಯಮ್ಮಲ್ಲಿ ಏಳನೇ ಕ್ಲಾಸು. ಅವರೆಕಾಯಿ ಬಿಡಿಸ್ತಾ ಕೂತಿದ್ದೋರು ಕೇಳಿಸ್ಕೊಂಡು, ‘ಲೋ, ಹೂವಲ್ಲ ಕಣೋ, ಹರಿಹರ ಅಂದ್ರೆ ರಗಳೆ ಅಂತ ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ್ರು’ ಅಂದ್ರು.

‘ಬರೀಲಾ ದೊಡ್ಡಮ್ಮ?’

‘ತಾಳು, ನಾನೇ ಬರೀತೀನಿ’ ಅಂತ ಕೈ ಸೆರಗಿಗೆ ಒರೆಸ್ಕೊಂಡು ಪೆನ್ಸಿಲ್ ಇಸ್ಕೊಂಡ್ರು, ಮೊದಲ ಮನೆಯಲ್ಲಿ ದುಂಡಗೆ ‘ರ’ ಬರೆದ್ರು, ರಗಳೆಯೂ ಕೂತ್ಕೊಂಡಿತು, ರನ್ನನೂ ಕೂತ್ಕೊಂಡ.