ಪ್ಲ್ಯಾನ್ ಪಾಸಾದ ತಕ್ಷಣ ಪಾಯ ತೋಡಬೇಡಿ: ಮನೆ ನಕ್ಷೆಯ ಹಂತಗಳನ್ನು ತಿಳಿಯುವುದು ಹೇಗೆ?

ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ಪಾಲಿಕೆಯಲ್ಲಿ ಪ್ಲ್ಯಾನ್ ಪಾಸಾಗುತ್ತದೆ, ಅದರ ಜೆರಾಕ್ಸ್ ಗೌಂಡಿ ಕೈಗೆ ಹೋಗುತ್ತದೆ, ಮರುದಿನ ಪಾಯ ತೋಡಲು ಶುರು. ಆದರೆ ಆ ನಕ್ಷೆ ಇರುವುದು ನೀವು ನಿಯಮ ಪಾಲಿಸಿದ್ದೀರಿ ಎಂದು ತೋರಿಸಲಿಕ್ಕೆ. ಕಿಟಕಿ ನೆಲದಿಂದ ಎಷ್ಟು ಎತ್ತರ, ಸ್ವಿಚ್‌ಬೋರ್ಡ್ ಬಾಗಿಲಿನ ಯಾವ ಪಕ್ಕ, ಬಚ್ಚಲ ನೀರು ಯಾವ ಕಡೆ ಇಳಿಯಬೇಕು ಎನ್ನುವುದನ್ನೆಲ್ಲ ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೊನೆಗೆ ಗೌಂಡಿಯೇ ತನಗೆ ತೋಚಿದಂತೆ ಮಾಡುತ್ತಾನೆ. ಅವನ ತಪ್ಪೇನಿಲ್ಲ ಬಿಡಿ, ಅವನಿಗೆ ಬೇರೆ ಹಾಳೆ ಕೊಟ್ಟವರಾರು?

ಮೊದಲು ಆರ್ಕಿಟೆಕ್ಟ್ ಆಯ್ಕೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಫೀ ಎಷ್ಟು, ಯಾವ ಹಂತಕ್ಕೆ ಎಷ್ಟು, ಸೈಟಿಗೆ ಎಷ್ಟು ಸಲ ಬರುತ್ತಾರೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಮೊದಲ ಭೇಟಿಗೆ ಉತಾರ (ಜಾಗದ ದಾಖಲೆ ಪತ್ರ), ಬಜೆಟ್, ಮನೆಯವರ ಬೇಕು-ಬೇಡಗಳ ಪಟ್ಟಿ ಒಯ್ಯಿರಿ. ಉತಾರದ ಅಳತೆಯೂ ನೆಲದ ಮೇಲಿನ ಅಳತೆಯೂ ತಾಳೆ ಆಗುತ್ತವೆಯೇ ಎಂದು ಆಗಲೇ ನೋಡಬೇಕು. ಮಣ್ಣಿನ ಪರೀಕ್ಷೆ ಬಿಡಲೇಬೇಡಿ. ಹುಬ್ಬಳ್ಳಿ, ಗದಗ, ನವಲಗುಂದ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಪಾಯ ಸರಿ ಇಲ್ಲದಿದ್ದರೆ ಅದರ ಜೊತೆ ಗೋಡೆಯೂ ಬಿರಿಯುತ್ತದೆ. ಧಾರವಾಡದ ಕೆಂಪು ಮಣ್ಣಲ್ಲಿ ಕಟ್ಟಿದ ಬೀಗರ ಮನೆಯ ಪಾಯದ ಲೆಕ್ಕ ನಿಮ್ಮ ಎರೆ ಮಣ್ಣಿಗೆ ಹೊಂದುವುದಿಲ್ಲ.

ಮುಂದಿನದು ಕಾನ್ಸೆಪ್ಟ್, ಅಂದರೆ ಕಚ್ಚಾ ನಕ್ಷೆ. ಪಡಸಾಲೆ ಎಲ್ಲಿ, ಅಡುಗೆಮನೆ ಎಲ್ಲಿ, ಬೆಳಕು-ಗಾಳಿ ಯಾವ ಕಡೆಯಿಂದ ಎಂದು ಮಾತಾಡುವ ಹೊತ್ತು ಇದೇ. ಇಲ್ಲಿ ಗೋಡೆ ಸರಿಸುವುದು ಪೆನ್ಸಿಲ್ ಕೆಲಸ. ಸ್ಲ್ಯಾಬ್ ಬಿದ್ದ ಮೇಲೆ ಸರಿಸಬೇಕೆಂದರೆ ಒಡೆಯಬೇಕು, ಮತ್ತೆ ಕಟ್ಟಬೇಕು, ಎರಡಕ್ಕೂ ದುಡ್ಡು ನಿಮ್ಮದೇ. ಹಾಗಾಗಿ ಹಿರಿಯರನ್ನೂ ಅಡುಗೆ ಮಾಡುವವರನ್ನೂ ಕೂಡಿಸಿಕೊಂಡು ಎಷ್ಟು ಬೇಕೋ ಅಷ್ಟು ಬದಲಾವಣೆ ಈಗಲೇ ಮಾಡಿಸಿ. ಪ್ಲ್ಯಾನ್ ಅಂದರೆ ಮೇಲಿನಿಂದ ಕಾಣುವ ಕೋಣೆಗಳ ಜೋಡಣೆ, ಎಲಿವೇಶನ್ ಅಂದರೆ ಹೊರಗಿನ ಮುಖ, ಸೆಕ್ಷನ್ ಅಂದರೆ ಮನೆಯನ್ನು ನೆಟ್ಟಗೆ ಸೀಳಿದರೆ ಕಾಣುವ ನೋಟ. ಎಲಿವೇಶನ್‌ನ ಬಣ್ಣದ ಚಿತ್ರಕ್ಕೆ ಎಲ್ಲರೂ ಮರುಳಾಗುತ್ತಾರೆ. ನೀವು ಸೆಕ್ಷನ್ ಕೇಳಿ, ಮೆಟ್ಟಿಲು ಹತ್ತುವಾಗ ತಲೆ ಬಡಿಯುತ್ತದೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ನಂತರ ಪಾಲಿಕೆಯ ಅನುಮತಿ. ಸೆಟ್‌ಬ್ಯಾಕ್ ಅಂದರೆ ಸುತ್ತ ಬಿಡಬೇಕಾದ ಖಾಲಿ ಜಾಗ. ಎಫ್‌ಎಆರ್ ಅಂದರೆ ಪ್ಲಾಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ. 30x40ರ ಪ್ಲಾಟ್ 1200 ಚದರ ಅಡಿ. ಎಫ್‌ಎಆರ್ 1.75 ಇದೆ ಎಂದಿಟ್ಟುಕೊಂಡರೆ ಎಲ್ಲ ಅಂತಸ್ತು ಸೇರಿ 2100 ಚದರ ಅಡಿ.

ಅನುಮತಿ ಸಿಕ್ಕ ಮೇಲೂ ಎರಡು ಕಟ್ಟು ಹಾಳೆ ಬರಬೇಕು, ಅವಿಲ್ಲದೆ ಕೆಲಸ ಶುರು ಮಾಡಬೇಡಿ. ಒಂದು ಸ್ಟ್ರಕ್ಚರಲ್ ಡ್ರಾಯಿಂಗ್: ಕಾಲಂ, ಬೀಮ್, ಪಾಯದ ಕಬ್ಬಿಣದ ಲೆಕ್ಕ. ಇನ್ನೊಂದು ವರ್ಕಿಂಗ್ ಡ್ರಾಯಿಂಗ್: ಬಾಗಿಲು, ಪೈಪು, ವೈರು, ಟೈಲ್ಸ್, ಪ್ರತಿಯೊಂದರ ಅಳತೆ. ಇವುಗಳಿಂದಲೇ ಬಿಓಕ್ಯೂ, ಅಂದರೆ ಯಾವ ಸಾಮಾನು, ಎಷ್ಟು, ಯಾವ ಗುಣಮಟ್ಟದ್ದು ಎಂಬ ಪಟ್ಟಿ ತಯಾರಾಗುತ್ತದೆ. ಅದೇ ಪಟ್ಟಿ ಎಲ್ಲ ಗುತ್ತಿಗೆದಾರರಿಗೂ ಕೊಟ್ಟು ದರ ಕೇಳಿ. ಸುಮ್ನೆ ಚದರ ಅಡಿಗೆ ಇಷ್ಟು ಎಂದರೆ ಒಬ್ಬ ಕಾಂಪೌಂಡು, ಸಂಪ್ ಸೇರಿಸಿರುತ್ತಾನೆ, ಇನ್ನೊಬ್ಬ ಬಿಟ್ಟಿರುತ್ತಾನೆ, ಹೋಲಿಸುವುದು ಹೇಗೆ?

ಕೆಲಸ ನಡೆಯುವಾಗ ಪಾಯದ ಕಬ್ಬಿಣ ಕಟ್ಟಿದಾಗ ಮತ್ತು ಸ್ಲ್ಯಾಬ್ ಹಾಕುವ ಮುಂಚೆ ಇಂಜಿನಿಯರ್ ಬಂದು ನೋಡಲೇಬೇಕು. ಪ್ಲಾಸ್ಟರ್ ಮಾಡುವ ಮೊದಲು ಪೈಪು, ವೈರು ಹೋದ ಜಾಗದ ಫೋಟೋ ತೆಗೆದಿಡಿ. ಕಟ್ಟುವಾಗ ಬದಲಾದದ್ದನ್ನೆಲ್ಲ ಸೇರಿಸಿದ ಆ್ಯಸ್-ಬಿಲ್ಟ್ ಡ್ರಾಯಿಂಗ್ ಕೊಟ್ಟ ಮೇಲೆಯೇ ಆರ್ಕಿಟೆಕ್ಟ್ ಫೀಯ ಕೊನೆಯ ಕಂತು ಕೊಡಿ.