ಉಬ್ಬಿದ ಕಪಾಟು ಸರಿಮಾಡಿಸಿದ್ದು

ಮಡಿಕೇರಿ ಮಳೆಗೆ ನಮ್ಮ ಹೊಸ ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟು ಉಬ್ಬಿ, ಬಾಗಿಲು ಮುಚ್ಚದಂತಾಯಿತು. ಕಾಂಟ್ರಾಕ್ಟರ್ "ಥಂಡಿಗೆ ಹಂಗೇ ಸಾರ್, ಬಿಸಿಲು ಬಂದ್ರೆ ಸರಿಹೋಗುತ್ತೆ" ಅಂದರು. ಮಳೆ ಸುರಿಯೋ ಕಕ್ಕಡ ತಿಂಗಳಲ್ಲಿ ಬಿಸಿಲಿಗೆ ಕಾಯೋದಾ?

ಮಿಕ್ಕಿದ್ದ ಪ್ಲೈವುಡ್ ತುಂಡು ತಿರುಗಿಸಿ ನೋಡಿದೆ. ಐಎಸ್ (ಭಾರತೀಯ ಮಾನಕ) 303, ಎಂಆರ್ (ತೇವ ತಡೆಯುವ ದರ್ಜೆ) ಅಂತ ಮುದ್ರೆ ಇತ್ತು. ಅದು ಗಾಳಿಯ ತೇವ ತಡೆದೀತು, ನೀರು ಬಿದ್ದರೆ ಪದರ ಬಿಟ್ಟುಕೊಳ್ಳುತ್ತದೆ. ಸಿಂಕ್ ಕೆಳಗೆ ನೀರು ತಡೆಯುವ ಐಎಸ್ 710 ಮರೈನ್ ಪ್ಲೈ ಬೇಕು. ಕೊಟೇಶನ್‌ನಲ್ಲಿ ಬರೆದಿದ್ದೂ ಅದನ್ನೇ! ಮುದ್ರೆ, ಕೊಟೇಶನ್ ಎರಡರ ಫೋಟೋನೂ ಕಾಂಟ್ರಾಕ್ಟರ್‌ಗೆ ವಾಟ್ಸಾಪ್ ಮಾಡಿ, "ಬದಲಿಸಿಕೊಡಿ, ಬಾಕಿ ಹಣ ಆಮೇಲೆ" ಅಂದೆ. ಬಾಕಿ ನಮ್ಮ ಕೈಲಿತ್ತಲ್ವಾ, ಬಡಗಿ ಬಂದರು. ಕೆಳಗಿನ ಕಪಾಟುಗಳೆಲ್ಲ ಮರೈನ್ ಪ್ಲೈನಲ್ಲಿ ಹೊಸದಾದವು. ಕೊಯ್ದ ಅಂಚುಗಳಿಗೆ, ಪೈಪಿನ ತೂತಿನ ಸುತ್ತಲೂ ಸೀಲೆಂಟ್ ಹಾಕಿಸಿದೆ. ನೀರು ಒಳಗೆ ಹೋಗೋದು ಅಲ್ಲಿಂದಲೇ ಜಾಸ್ತಿ.