ಹೇಳುವಾಗಲೇ ಒಂದು ಕೆಲಸ ಒಪ್ಪಿಸಿದೆ: ನನ್ನ ಅನುಭವ

ನಾನು ಟ್ರಾನ್ಸ್ ಪುರುಷ, ಅಂದರೆ ಹೆಣ್ಣಾಗಿ ಹುಟ್ಟಿದರೂ ಗಂಡು. ಅದನ್ನು ಮನೆಯಲ್ಲೂ ಆಫೀಸಲ್ಲೂ ಹೇಳಬೇಕಿತ್ತು. "ಎಲ್ಲರನ್ನೂ ಕೂರಿಸಿ ಒಂದೇ ಸಲ ಹೇಳಿಬಿಡು" ಅಂತ ನಮ್ಮ ಟ್ರಾನ್ಸ್ ಗುಂಪಿನ ಹಿರಿಯರು ಹೇಳಿದ್ದರು. ನಾನು ಮಾಡಿದ್ದು ಅದರ ಉಲ್ಟಾ. ಒಬ್ಬೊಬ್ಬರಿಗೇ ಹೇಳಿದೆ, ಹೇಳುವಾಗಲೇ ಒಂದು ಕೆಲಸ ಒಪ್ಪಿಸಿದೆ. "ಇದೇನು ಮದುವೆ ಮನೇನಾ, ಕೆಲಸ ಹಂಚೋಕೆ?" ಅಂತ ನಕ್ಕರು. ಈಗ ಅವರೇ ಹೊಸಬರನ್ನು ನನ್ನ ಹತ್ತಿರ ಕಳಿಸುತ್ತಾರೆ.

ನಾನು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುತ್ತೇನೆ.

ಮೊದಲು ಅಮ್ಮನಿಗೆ ಉದ್ದನೆಯ ಕಾಗದ ಬರೆದೆ. ಅವಳು ಅದನ್ನು ಮಡಚಿ ರೇಷನ್ ಕಾರ್ಡ್ ಡಬ್ಬಿಯಲ್ಲಿ ಇಟ್ಟಳು. ವರ್ಷವಾದರೂ ಮಾತಿಲ್ಲ. 2021ರ ನವೆಂಬರ್‌ನಲ್ಲಿ ಟ್ರಾನ್ಸ್ ಮಹಿಳೆ, ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಲ್ಲಿ ದೃಷ್ಟಿ ತೆಗೆದ ವಿಡಿಯೋ ತೋರಿಸಿದೆ. ಅಮ್ಮ ಕೈ ಮುಗಿದಳು. "ಅವರು ಎಲ್ಲಮ್ಮನ ಮಕ್ಕಳು. ನಿನಗೇನು ಬಂದಿದೆ?" ಅಂದಳು. ಹೆಣ್ಣಾಗಿ ಹುಟ್ಟಿ ನಾನು ಗಂಡು ಅನ್ನೋರನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ, ಅಲ್ವಾ? ಆಮೇಲೆ ಕೌನ್ಸೆಲಿಂಗ್. ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆಸಿ, ಕಾರು, ಫೀಸು, ಊಟ ಸೇರಿ ಏಳೆಂಟು ಸಾವಿರ ಕೈ ಬಿಟ್ಟಿತು. ನೆಲಮಂಗಲ ದಾಟುವವರೆಗೂ ಅಪ್ಪ ಸುಮ್ಮನಿದ್ದರು. ಆಮೇಲೆ, "ಆ ದುಡ್ಡಿಗೆ ನಾಕೈದು ಮೂಟೆ ಅಕ್ಕಿ ಬರ್ತಿತ್ತು" ಅಂದರು.

ದಾರಿ ತೆರೆದದ್ದು ಅಣ್ಣನಿಂದ. ಅವನು ಕೊಬ್ಬರಿ ಮಂಡಿಯಲ್ಲಿದ್ದಾನೆ, ಎಲ್ಲ ಕಚೇರಿಯಲ್ಲೂ ಪರಿಚಯ. ಟೀ ಅಂಗಡಿಯಲ್ಲಿ ವಿಷಯ ಹೇಳಿ, ಅದೇ ಉಸಿರಿನಲ್ಲಿ, "2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಪ್ರಕಾರ ಡಿಸಿ ಕೊಡೋ ಗುರುತಿನ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬೇಕು. ಅರ್ಜಿಗೆ ಫೀಸಿಲ್ಲ, ಆದರೂ ಅಫಿಡವಿಟ್ ಸೇರಿ ಆರು ಸಾವಿರ ಅಂತಾನೆ ಏಜೆಂಟ್" ಅಂದೆ. ಅವನ ಸಿಟ್ಟೆಲ್ಲ ಏಜೆಂಟ್ ಕಡೆ ತಿರುಗಿತು. "ಅರ್ಜಿಗೆ ಫೀಸೇ ಇಲ್ಲ ಅಂತೀಯ, ಆರು ಸಾವಿರ ಯಾತಕ್ಕೆ?" ಅಂತ ಎದ್ದೇಬಿಟ್ಟ. ನೋಟರಿಗೆ ಕೆಲವು ನೂರು ಕೊಟ್ಟು ಮುಗಿಸಿದ. ಅರ್ಜಿ ಆನ್‌ಲೈನ್, ನಾನು ಹಾಕಿದಾಗ ವೈದ್ಯಕೀಯ ಪರೀಕ್ಷೆ ಕೇಳಲಿಲ್ಲ. ಆಗಿನ ನಿಯಮದಲ್ಲಿ 30 ದಿನ, ನನಗೆ ಜಾಸ್ತಿ ಹಿಡಿಯಿತು. ಓಡಾಡಿ ಓಡಾಡಿ ಅಣ್ಣನಿಗೆ ನನಗಿಂತ ಚೆನ್ನಾಗಿ ಕಾಯ್ದೆ ಗೊತ್ತಾಯಿತು. ಅಮ್ಮನಿಗೆ ಬಿಡಿಸಿ ಹೇಳಿದ್ದು ಅವನೇ.

ಅಣ್ಣನ ಮಗಳಿಗೂ ಒಂದು ಕೆಲಸ. ಮೊದಲ ವಾರದಲ್ಲೇ ಅವಳು "ಅತ್ತೆ" ಬಿಟ್ಟು "ಚಿಕ್ಕಪ್ಪ" ಶುರು ಮಾಡಿದ್ದಳು. ಅವಳ ಅಜ್ಜಿ, ಅಂದರೆ ನಮ್ಮಮ್ಮ, ನನ್ನನ್ನು "ಬಾರೇ" ಅಂದಾಗಲೆಲ್ಲ ಐದು ರೂಪಾಯಿ ದಂಡ, ವಸೂಲಿ ಅವಳದು. ಒಂದು ತಿಂಗಳಲ್ಲಿ ಇನ್ನೂರರ ಹತ್ತಿರ ಆಯಿತು. ಅಮ್ಮ ಹುಷಾರಾದಳು. "ಬಾರೋ" ಅನ್ನಲಿಲ್ಲ, "ಏಯ್, ಊಟ ಆಯ್ತಾ?" ಅಂತ ಎರಡೂ ಕಡೆ ತಪ್ಪಿಸಿಕೊಂಡಳು. ದುಡ್ಡೂ ಉಳಿಯಿತು.

ಅಪ್ಪನಿಗೆ ಏನು ಕೆಲಸ ಕೊಟ್ಟೆ ಅಂತ ಇಲ್ಲಿ ಬರೆಯಲ್ಲ. ಅವರು ಇದನ್ನು ಓದಬಹುದು.

ಇನ್ನು ಆಫೀಸು. ಹಿಂದಿನ ಕಂಪನಿಯಲ್ಲಿ ನನ್ನ ವಿಷಯವನ್ನು ಎಲ್ಲರಿಗೂ ಮೇಲ್ ಹಾಕಿ ತಿಳಿಸಿದ್ದರು. ತುಂಬಾ ಒಳ್ಳೆಯ ಭಾಷೆ. ಮರುದಿನದಿಂದ ಕ್ಯಾಂಟೀನ್‌ನಲ್ಲಿ ನನ್ನ ಟೇಬಲ್ ಖಾಲಿ. ಬಿಟ್ಟು ಬಂದೆ, ಎರಡು ತಿಂಗಳು ಸಂಬಳವಿಲ್ಲ, ಐವತ್ತು ಸಾವಿರದಷ್ಟು ಹೋಯಿತು.

ಇಲ್ಲಿ ಪೇರೋಲ್ ಮೇಡಂ ಹತ್ತಿರ ಮಾತ್ರ ಹೋದೆ. "ಮೇಡಂ, ಆಧಾರ್‌ನಲ್ಲಿ ಹೆಸರು, ಲಿಂಗ ಎರಡೂ ಬದಲಾಗಿದೆ. ಪಿಎಫ್‌ನಲ್ಲಿ ಹಳೆಯದೇ ಇದೆ. ತಿದ್ದೋಕೆ ನಾನೂ ಕಂಪನಿಯೂ ಸೇರಿ ಜಾಯಿಂಟ್ ಡಿಕ್ಲರೇಷನ್ ಹಾಕಬೇಕು." ಅವರಿಗೆ ಪಿಎಫ್ ಚಿಂತೆಯೇ ದೊಡ್ಡದಾಯಿತು. ಫಾರ್ಮ್ ತುಂಬುತ್ತಾ ತುಂಬುತ್ತಾ ಒಂದೊಂದೇ ಪ್ರಶ್ನೆ ಕೇಳಿದರು. ಉಳಿದವರು ಪಿಸುಗುಟ್ಟಿದರೆ, "ದಾಖಲೆ ಎಲ್ಲ ಸರಿ ಇದೆ, ನಾನೇ ಮಾಡಿದ್ದು" ಅಂತ ಬಾಯಿ ಮುಚ್ಚಿಸುತ್ತಿದ್ದರು. ಒಂದು ಮಾತು: 15ನೇ ತಾರೀಕಿನೊಳಗೆ ಪಿಎಫ್ ಕಟ್ಟುವ ಗಡಿಬಿಡಿ ಇರುತ್ತದೆ. 20 ದಾಟಿದ ಮೇಲೆ ಹೋಗಿ.

ಮಾಲೀಕರಿಗೆ ಒಂದು ಹಾಳೆ ಕೊಟ್ಟೆ. ಅದೇ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ದೂರು ಕೇಳುವ ಅಧಿಕಾರಿ ಇರಬೇಕು, ಹಾಳೆಯಲ್ಲಿ ಅವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ. ಅವರು ಮೇಡಂ ಹೆಸರು ಬರೆದು ಸಹಿ ಹಾಕಿದರು. ಹಾಳೆಯ ಮೇಲಿನ ಸಾಲು ಹೇಗೆ ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ, ಬೇಕಾದವರು ನೇರ ಕೇಳಿ.

ಟಾಯ್ಲೆಟ್ ವಿಷಯ ಇನ್ನೂ ಅರ್ಧ. ಮೇಲಿನ ಮಹಡಿಯ ಒಂದಕ್ಕೆ ಬೀಗದ ಕೈ ಕೊಟ್ಟಿದ್ದಾರೆ, ಮೂರು ಮಹಡಿ ಹತ್ತಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹಳೆಯ ಹೆಸರೇ. ಅದರ ಫೈಲ್ ಅಣ್ಣ ಆಗಲೇ ತಗೊಂಡು ಹೋಗಿದ್ದಾನೆ.